ಜೋಗಕ್ಕೆ ಯಾವಾಗ ಹೋಗಬೇಕು? ತಿಂಗಳು ಕೇಳಬೇಡಿ, ಡ್ಯಾಮ್ ಲೆವೆಲ್ ಕೇಳಿ

ಪ್ರಶ್ನೆ: ಸರ್, ನಾವು ಬೆಂಗಳೂರಿನವರು. ಮೂರು ವರ್ಷದ ಹಿಂದೆ ಜುಲೈ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಜೋಗಕ್ಕೆ ಹೋಗಿದ್ದೆವು. ಛತ್ರಿ ಹಿಡಿದುಕೊಂಡು ಎರಡು ಗಂಟೆ ನಿಂತೆವು. ಸದ್ದು ಕೇಳಿತು, ನೀರು ಕಾಣಲಿಲ್ಲ, ಎದುರಿಗೆ ಬರೀ ಬಿಳಿ ಮಂಜು. ಮರುವರ್ಷ ನನ್ನ ತಂಗಿ ಡಿಸೆಂಬರ್ ರಜೆಯಲ್ಲಿ ಹೋದಳು. ಅವಳಿಗೆ ಕಂಡಿದ್ದು ಕಪ್ಪು ಬಂಡೆ ಮೇಲೆ ಎರಡು ಸಣ್ಣ ದಾರ. ಈಗ ಅಮ್ಮನಿಗೆ 68 ವರ್ಷ, ಮಂಡಿ ನೋವು. "ಒಂದ್ಸಲ ಸರಿಯಾಗಿ ಜೋಗ ತೋರಿಸು" ಅಂತ ಕೇಳುತ್ತಿದ್ದಾರೆ. ಹತ್ತು ವರ್ಷದ ಮಗನಿಗೆ ಮೆಟ್ಟಿಲು ಇಳಿದು ಕೆಳಗೆ ಹೋಗಲೇಬೇಕಂತೆ. ಶನಿವಾರ ಭಾನುವಾರ ಪ್ರವಾಸಿಗರಿಗಾಗಿ ನೀರು ಬಿಡುತ್ತಾರೆ ಅಂತ ವಾಟ್ಸಾಪಿನಲ್ಲಿ ಬಂದಿದೆ, ನಿಜವೇ? ಏಷ್ಯಾದಲ್ಲೇ ಎತ್ತರದ ಜಲಪಾತ ಅಂತಾರೆ, ಅದರಲ್ಲೇ ನೀರಿಲ್ಲ ಅಂದರೆ ಹೇಗೆ? ಡ್ಯಾಮಿನ ಗೇಟ್ ತೆರೆದಾಗ ಹೋಗುವುದು ಅಪಾಯವೇ? ಯಾವ ತಿಂಗಳು ಹೋಗಬೇಕು, ಅದೊಂದು ಹೇಳಿಬಿಡಿ ಸಾಕು.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಐದಾರು ಪ್ರಶ್ನೆ ಇವೆ, ಆದರೆ ಚಿಂತೆ ಒಂದೇ. ಅಮ್ಮನನ್ನು ಏಳೆಂಟು ಗಂಟೆ ಗಾಡಿಯಲ್ಲಿ ಕೂರಿಸಿ ಕರೆದುಕೊಂಡು ಹೋಗಿ ಮತ್ತೆ ಬರಿಗೈಲಿ ವಾಪಸ್ ಬರಬಾರದು, ಅಲ್ವಾ? ನಾನು ಶರಾವತಿ ಕಣಿವೆಯಲ್ಲಿ ವಿದ್ಯುತ್ ಕೆಲಸ ಮಾಡಿಕೊಂಡೇ ನಿವೃತ್ತನಾದವನು. ಊರಿಂದ ಬರುವ ನೆಂಟರೆಲ್ಲ ಕೇಳುತ್ತಿದ್ದದ್ದೂ ಇದನ್ನೇ, "ಯಾವ ತಿಂಗಳು ಬರಲಿ?" ಅಂತ. ಇದಕ್ಕೆ ತಿಂಗಳಿನ ಹೆಸರು ಹೇಳಿ ಉತ್ತರ ಮುಗಿಸಿದರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ಜೋಗದ ಮೇಲೆ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಇದೆ, 1964ರಲ್ಲಿ ಮುಗಿದದ್ದು. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಹಿಡಿದು ಹೊಸನಗರ, ನಗರ, ಸಾಗರದ ಕಡೆ ಸುಮಾರು 2,000 ಚದರ ಕಿಲೋಮೀಟರ್ ಕಾಡು ಗುಡ್ಡಗಳಲ್ಲಿ ಬೀಳುವ ಮಳೆಯೆಲ್ಲ ಹರಿದು ಬಂದು ಈ ಕಟ್ಟೆಯ ಹಿಂದೆ ನಿಲ್ಲುತ್ತದೆ. ಅಂದರೆ ಹೊಸನಗರದಲ್ಲಿ ಮಳೆ ಜೋರಂತೆ, ಹೊಳೆ ತುಂಬಿದೆಯಂತೆ ಅಂತ ಟಿವಿಯಲ್ಲಿ ನೋಡಿ ನೀವು ಗಾಡಿ ಹತ್ತಿದರೆ, ಆ ನೀರು ಜೋಗಕ್ಕೆ ಬಂದೇ ಇರುವುದಿಲ್ಲ. ಅದು ಡ್ಯಾಮಿನಲ್ಲಿ ಕೂತಿರುತ್ತದೆ.

ಹಾಗಾದರೆ ನೀವು ಜುಲೈನಲ್ಲಿ ಕೇಳಿದ ಸದ್ದು ಎಲ್ಲಿಯದು? ಅದು ಡ್ಯಾಮಿನ ನೀರಲ್ಲ. ಕಟ್ಟೆಯಿಂದ ಜೋಗದವರೆಗಿನ ಆರು ಕಿಲೋಮೀಟರ್ ಹೊಳೆಗೆ ಎರಡೂ ಕಡೆ ಗುಡ್ಡದಿಂದ ಹಳ್ಳಗಳು ಬಂದು ಸೇರುತ್ತವೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹೊಯ್ಯುವಾಗ ಆ ಹಳ್ಳಗಳ ನೀರೇ ಸಾಕು, ನಾಲ್ಕು ಕವಲೂ ಜೀವ ಹಿಡಿಯುತ್ತವೆ. ಮಳೆ ಎರಡು ದಿನ ಬಿಡುವು ಕೊಟ್ಟರೆ ಇದೂ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಹಳ್ಳ ಒಣಗುತ್ತವೆ, ಡಿಸೆಂಬರಿನಲ್ಲಿ ನಿಮ್ಮ ತಂಗಿಗೆ ಕಂಡ ಎರಡು ದಾರ ಉಳಿಯುತ್ತದೆ. ಜೋಗದಲ್ಲಿ ಏನೋ ಕೆಟ್ಟುಹೋಗಿದೆ ಅಂತಲ್ಲ. ಕಟ್ಟೆ ಕಟ್ಟಿದ ಮೇಲೆ ಅದರ ಸಹಜ ಸ್ಥಿತಿಯೇ ಅದು.

ಇನ್ನು ನಾವೆಲ್ಲ ಫೋಟೋದಲ್ಲಿ, ವಿಡಿಯೋದಲ್ಲಿ ನೋಡುವ ಜೋಗ ಇದೆಯಲ್ಲ, ಬಂಡೆಯೇ ಕಾಣದ ಹಾಗೆ ಇಡೀ ಗೋಡೆ ತುಂಬಿ ಕೆಂಬಣ್ಣದ ನೀರು ಧುಮುಕುವುದು, ಅದು ಜೋಗದ ಮೂರನೆಯ ರೂಪ. ಲಿಂಗನಮಕ್ಕಿ ತುಂಬಿ, ಅದರ 11 ಗೇಟ್‌ಗಳಲ್ಲಿ ಕೆಲವನ್ನೋ ಎಲ್ಲವನ್ನೋ ಎತ್ತಿದಾಗ ಮಾತ್ರ ಕಾಣುವ ಜೋಗ. ಕೆಲವು ವರ್ಷ ಅದು ವಾರಗಟ್ಟಲೆ ಇರುತ್ತದೆ, ಕೆಲವು ವರ್ಷ ನಾಲ್ಕು ದಿನ, ಮಳೆ ಕೈಕೊಟ್ಟ ವರ್ಷ ಇಲ್ಲವೇ ಇಲ್ಲ. 2023ರಂಥ ಬರದ ವರ್ಷದಲ್ಲಿ ಗೇಟ್ ತೆರೆಯುತ್ತಾರೆ ಅಂತ ಕಾದವರು ಕಾದೇ ಇದ್ದರು. ಹಳೆಯ ವಿಡಿಯೋಗಳು ಮಾತ್ರ ಪ್ರತಿ ವರ್ಷವೂ "ಇವತ್ತಿನ ಜೋಗ" ಅಂತ ಓಡಾಡುತ್ತಲೇ ಇರುತ್ತವೆ. ಅದನ್ನು ನೋಡಿ ಹೊರಡುವವರಿಗೇ ನಿರಾಸೆ ಜಾಸ್ತಿ.

ಈಗ ನೀವೇ ಲೆಕ್ಕ ಹಾಕುವುದು ಹೇಗೆ ಅಂತ ಹೇಳಿಕೊಡುತ್ತೇನೆ, ಕಷ್ಟವೇನಿಲ್ಲ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟ ದಿನಾ ಬರುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ಪೂರ್ತಿ ತುಂಬಿದರೆ ಸುಮಾರು 151 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಅದು ತುಂಬ ಅಗಲವಾದ ಜಲಾಶಯ, ತುದಿಯ ಮಟ್ಟದಲ್ಲಿ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಹಾಗಾಗಿ ಕೊನೆಯ ಅಡಿಗಳಲ್ಲಿ ಒಂದೊಂದು ಅಡಿ ಏರಲು ಮೂರು ಟಿಎಂಸಿ ಆಸುಪಾಸು ನೀರು ಬೇಕು. ಒಂದು ದಿನ ಪೂರ್ತಿ 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಹರಿದರೆ ಒಂದು ಟಿಎಂಸಿ. ಅಂದರೆ ಒಳಹರಿವು 35,000 ಕ್ಯೂಸೆಕ್ ಅಂತ ಹಾಕಿದ್ದರೆ, ವಿದ್ಯುತ್ತಿಗೆ ಹೋಗುವುದನ್ನು ಕಳೆದು, ದಿನಕ್ಕೆ ಒಂದು ಅಡಿಗಿಂತ ಸ್ವಲ್ಪ ಕಡಿಮೆ ಏರುತ್ತದೆ ಅಂತ ಇಟ್ಟುಕೊಳ್ಳಿ. ಇವತ್ತು ಮಟ್ಟ 1,795 ಇದ್ದು ಒಳಹರಿವು ಹತ್ತು ಸಾವಿರ ಇದ್ದರೆ ಮುಂದಿನ ವಾರ ಗೇಟ್ ತೆರೆಯುವುದಿಲ್ಲ, ವಾಟ್ಸಾಪ್ ಏನು ಬೇಕಾದರೂ ಹೇಳಲಿ. 1,814 ದಾಟಿ ಒಳಹರಿವು ಮೂವತ್ತು ನಲವತ್ತು ಸಾವಿರದಲ್ಲಿ ನಿಂತಿದ್ದರೆ ಬ್ಯಾಗ್ ಕಟ್ಟಿಟ್ಟುಕೊಳ್ಳಿ. ನೀರು ಕಟ್ಟೆಯ ಅಂಚಿಗೆ ಬರುವವರೆಗೆ ಕಾಯುವುದಿಲ್ಲ, ಒಳಹರಿವು ಜೋರಿದ್ದರೆ ತುಂಬಲು ಎರಡು ಮೂರು ಅಡಿ ಬಾಕಿ ಇರುವಾಗಲೇ ಬಿಡಲು ಶುರು ಮಾಡುವುದುಂಟು. ಅದಕ್ಕೂ ಮೊದಲು ಹೊಳೆ ಬದಿಯ ಊರುಗಳಿಗೆ ಒಂದನೇ, ಎರಡನೇ, ಮೂರನೇ ಮುನ್ನೆಚ್ಚರಿಕೆ ಅಂತ ಕೊಡುತ್ತಾರೆ, ಅದೂ ಪತ್ರಿಕೆಯಲ್ಲಿ ಬರುತ್ತದೆ. ಮೂರನೇದು ಬಂತು ಅಂದರೆ ಹತ್ತಿರ ಬಂತು ಅಂತಲೇ ಅರ್ಥ.

ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಅದೇ ಪಟ್ಟಿಯಲ್ಲಿ "ಹೊರಹರಿವು" ಅಂತ ಇನ್ನೊಂದು ಅಂಕಿ ಇರುತ್ತದೆ. ಐದಾರು ಸಾವಿರ ಕ್ಯೂಸೆಕ್ ಅಂತ ನೋಡಿ "ಓ, ಜೋಗಕ್ಕೆ ನೀರು ಬಿಟ್ಟಿದ್ದಾರೆ" ಅಂದುಕೊಂಡು ಹೊರಟುಬಿಡುತ್ತಾರೆ. ಆ ನೀರಿನ ಬಹುಪಾಲು ಜೋಗದ ತಲೆಗೆ ಬರುವುದೇ ಇಲ್ಲ. ಕಟ್ಟೆಯ ಬುಡದ 55 ಮೆಗಾವಾಟಿನ ಪವರ್‌ಹೌಸ್ ದಾಟಿ, ಕಾಲುವೆಯಲ್ಲಿ ತಳಕಳಲೆಯ ಸಣ್ಣ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಕಣಿವೆಗೆ ಇಳಿದು ಶರಾವತಿ ಪವರ್‌ಹೌಸ್ ಸೇರುತ್ತದೆ. ಅದು 1,035 ಮೆಗಾವಾಟಿನದು. ಜೋಗದ ಕೆಳಗಿನ ಮಹಾತ್ಮ ಗಾಂಧಿ ಪವರ್‌ಹೌಸಿಗೆ ಹೋಗುವ ನೀರೂ ಜಲಪಾತವನ್ನು ಬಳಸಿಕೊಂಡೇ ಹೋಗುತ್ತದೆ. ಡ್ಯಾಮಿನ ನೀರಿನಲ್ಲಿ ಜೋಗಕ್ಕೆ ಬರುವುದು ಗೇಟಿನಿಂದ ಬಿಟ್ಟದ್ದು ಮಾತ್ರ. ಹಾಗಾಗಿ "ಹೊರಹರಿವು ಎಷ್ಟು" ಅಂತ ಕೇಳಬೇಡಿ, "ಗೇಟ್ ತೆರೆದಿದೆಯಾ" ಅಂತ ಕೇಳಿ.

ಶನಿವಾರ ಭಾನುವಾರದ ಸುದ್ದಿಗೆ ಬರೋಣ. ಪೂರ್ತಿ ಕಟ್ಟುಕತೆಯಲ್ಲ. ಹಿಂದೆ ರಜಾದಿನಗಳಲ್ಲಿ ಪ್ರವಾಸಿಗರಿಗೆ ಅಂತ ಒಂದಿಷ್ಟು ನೀರು ಬಿಟ್ಟದ್ದುಂಟು, ಆ ನೆನಪೇ ವಾಟ್ಸಾಪಿನಲ್ಲಿ ಇನ್ನೂ ಹರಿಯುತ್ತಿದೆ. ಅದನ್ನು ನಂಬಿ ಹೋಟೆಲ್ ಬುಕ್ ಮಾಡಬೇಡಿ. ಯಾಕೆ ಬಿಡುವುದಿಲ್ಲ ಅನ್ನುವುದಕ್ಕೂ ಲೆಕ್ಕ ಇದೆ. ತಳಕಳಲೆಯಿಂದ ಪವರ್‌ಹೌಸಿಗೆ ನೀರು ಬೀಳುವ ಎತ್ತರ ನಾನೂರು ಮೀಟರಿಗಿಂತ ಜಾಸ್ತಿ. ಆ ಎತ್ತರದಲ್ಲಿ ಸಾವಿರ ಲೀಟರ್ ನೀರಿಗೆ ಸುಮಾರು ಒಂದು ಯೂನಿಟ್ ಕರೆಂಟ್ ಹುಟ್ಟುತ್ತದೆ. 200 ಕ್ಯೂಸೆಕ್ ನೀರನ್ನು ಒಂದು ಗಂಟೆ ಜೋಗದ ಮೇಲೆ ಬಿಟ್ಟರೆ ಸುಮಾರು ಇಪ್ಪತ್ತು ಸಾವಿರ ಯೂನಿಟ್ ಹೋಯಿತು. ಬೆಳಗಿನಿಂದ ಸಂಜೆವರೆಗೆ ಬಿಟ್ಟರೆ ನೀವೇ ಗುಣಿಸಿ. ಅಷ್ಟು ಬಿಟ್ಟರೂ 253 ಮೀಟರ್ ಎತ್ತರದಿಂದ ಬೀಳುವಾಗ ನಿಮ್ಮ ಕಣ್ಣಿಗೆ ತೆಳ್ಳಗಿನ ನೀರೇ ಕಾಣುವುದು, ವಿಡಿಯೋದ ಜೋಗ ಅಲ್ಲ. ಕೆಳಗಿನ ನೀರನ್ನು ಪಂಪ್ ಮಾಡಿ ಮೇಲೆ ತಂದು ವರ್ಷವಿಡೀ ಜಲಪಾತ ಮಾಡುತ್ತೇವೆ ಅನ್ನುವ ಯೋಜನೆಯೂ ಒಮ್ಮೆ ಬಂದಿತ್ತು, ಆಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು ಅಂತ ನನ್ನ ಅನಿಸಿಕೆ. ನಲ್ಲಿ ತಿರುಗಿಸಿದಾಗ ಬೀಳುವ ಜೋಗವನ್ನು ನೋಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?

"ಕರೆಂಟಿನವರು ನೀರು ಕದ್ದರು" ಅಂತ ವ್ಯೂ ಪಾಯಿಂಟಿನಲ್ಲಿ ಬೈಯುವವರನ್ನು ತುಂಬ ನೋಡಿದ್ದೇನೆ. ಬೈಯಲಿ. ಆದರೆ ಒಂದು ಕಾಲಕ್ಕೆ ಈ ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲು ಈ ಒಂದು ಕಣಿವೆಯಿಂದ ಬರುತ್ತಿತ್ತು, ಈಗಲೂ ರಾಜ್ಯಕ್ಕೆ ಕಡಿಮೆ ಖರ್ಚಿನಲ್ಲಿ ಸಿಗುವ ಕರೆಂಟುಗಳಲ್ಲಿ ಇದೂ ಒಂದು. ನಿಜವಾಗಿ ಬೈಯುವ ಹಕ್ಕು ಇರುವುದು ಆ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟ ಬಿಟ್ಟು ಎದ್ದುಬಂದವರಿಗೆ. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಕೊಟ್ಟ ಜಾಗದ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ಸಾಗರದಲ್ಲಿ ಅಡಿಕೆ ವ್ಯಾಪಾರಕ್ಕೆ ಬಂದ ಯಾರ ಹತ್ತಿರವಾದರೂ ಮಾತಾಡಿ ನೋಡಿ, ಎರಡು ತಲೆಮಾರಿನ ಕತೆ ಸಿಗುತ್ತದೆ.

ಎತ್ತರದ ಮಾತು ಬೇಗ ಮುಗಿಸುತ್ತೇನೆ. ಏಷ್ಯಾದಲ್ಲಿ ಬಿಡಿ, ಭಾರತದಲ್ಲೂ ಜೋಗವೇ ಅತಿ ಎತ್ತರದ್ದಲ್ಲ. ಮೇಘಾಲಯದ ನೊಹ್ಕಾಲಿಕಾಯ್ 340 ಮೀಟರ್. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ವಾರಾಹಿಯ ಮೇಲಿನ ಕುಂಚಿಕಲ್ ಜಲಪಾತವನ್ನು 455 ಮೀಟರ್ ಅಂತ ಬರೆಯುತ್ತಾರೆ, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂಥದ್ದು, ಅದಕ್ಕೂ ಮೇಲೆ ಕಟ್ಟೆ ಬಂದು ಈಗ ಮಳೆಗಾಲ ಬಿಟ್ಟರೆ ನೀರಿಲ್ಲ. ಜೋಗದ ಹೆಚ್ಚುಗಾರಿಕೆ ಬೇರೆ. ಇಡೀ ಒಂದು ದೊಡ್ಡ ಹೊಳೆ, ಅಡ್ಡಡ್ಡ ನಾಲ್ಕು ಪಾಲಾಗಿ, ನೇರ ಗೋಡೆಯಿಂದ ಒಂದೇ ಏಟಿಗೆ 830 ಅಡಿ ಇಳಿಯುವುದು. ವ್ಯೂ ಪಾಯಿಂಟಿನಲ್ಲಿ ನಿಂತರೆ ಎಡಗಡೆಯಿಂದ ರಾಜ, ರೋರರ್, ರಾಕೆಟ್, ರಾಣಿ. ರಾಜ ಬಂಡೆ ಮುಟ್ಟದೆ ಧುಮುಕುತ್ತಾನೆ, ರೋರರ್ ಅಡ್ಡಡ್ಡ ಬಡಿದುಕೊಂಡು ಗದ್ದಲ ಮಾಡುತ್ತಾ ರಾಜನ ಕಡೆ ನುಗ್ಗುತ್ತಾನೆ, ರಾಕೆಟ್ ಚಿಮ್ಮುತ್ತಾನೆ, ರಾಣಿ ಬಂಡೆಗೆ ಅಂಟಿಕೊಂಡು ನೊರೆ ನೊರೆಯಾಗಿ ಜಾರುತ್ತಾಳೆ. ಇದನ್ನು ಮಗನಿಗೆ ಮೊದಲೇ ಹೇಳಿಟ್ಟಿರಿ, ಅಲ್ಲಿ ಅವನೇ ಗುರುತು ಹಿಡಿಯಲಿ. ಒಂದು ತಮಾಷೆ ಅಂದರೆ ಗೇಟ್ ಪೂರ್ತಿ ತೆರೆದ ದಿನ ಈ ನಾಲ್ವರ ಗುರುತೇ ಸಿಗುವುದಿಲ್ಲ, ಎಲ್ಲ ಸೇರಿ ಒಂದೇ ಗೋಡೆಯಾಗಿಬಿಡುತ್ತದೆ. ಮಧ್ಯಮ ನೀರಿನಲ್ಲೇ ನಾಲ್ಕೂ ಬೇರೆ ಬೇರೆ ಚೆಂದ ಕಾಣುವುದು.

ಮಂಜಿನ ವಿಷಯ ನಿಮಗೆ ಮುಖ್ಯವಾದದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಎರಡು ಥರದ ಬಿಳಿ ಇದೆ. ಒಂದು ಮೋಡ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಗೇರುಸೊಪ್ಪೆ ಕಣಿವೆಯಲ್ಲಿ ಮೇಲೇರಿ, ತಣ್ಣಗಾಗಿ, ಜೋಗದ ಗುಂಡಿಯಲ್ಲಿ ಬಂದು ತುಂಬಿಕೊಳ್ಳುತ್ತದೆ. ಇನ್ನೊಂದು ನೀರಿನದೇ ಹನಿ. ಅಷ್ಟು ಎತ್ತರದಿಂದ ಬೀಳುವ ನೀರು ದಾರಿಯಲ್ಲೇ ಒಡೆದು ಪುಡಿಯಾಗಿ ಮತ್ತೆ ಮೇಲೆ ಹಾರುತ್ತದೆ. ಜುಲೈನಲ್ಲಿ ಎರಡೂ ಸೇರುತ್ತವೆ. ಹಾಗಾಗಿ ನೀರು ಜಾಸ್ತಿ ಇದ್ದಷ್ಟೂ ನೋಟ ಚೆನ್ನಾಗಿರುತ್ತದೆ ಅನ್ನುವುದು ತಪ್ಪು ಲೆಕ್ಕ, ಗೇಟ್ ತೆರೆದ ಬಿಸಿಲಿನ ದಿನವೂ ಹನಿಯ ಹೊಗೆ ಎದ್ದು ಕೆಳಗಿನ ಅರ್ಧ ಕಾಣದೇ ಹೋಗಬಹುದು.

ಆದರೆ ಮಂಜು ದಿನವಿಡೀ ಒಂದೇ ಥರ ನಿಲ್ಲುವುದು ಅಪರೂಪ. ಗಾಳಿ ತಿರುಗಿದಾಗ ಐದು ಹತ್ತು ನಿಮಿಷ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ. ಹಗಲು ಹೋಗಿ ಹಗಲೇ ವಾಪಸಾಗುವವರಿಗೆ ಆ ಹತ್ತು ನಿಮಿಷ ಸಿಗಬಹುದು, ಸಿಗದೇ ಇರಬಹುದು. ಒಂದು ರಾತ್ರಿ ಅಲ್ಲೇ ಉಳಿದವರಿಗೆ ಸಂಜೆ ಒಂದು ಅವಕಾಶ, ಬೆಳಿಗ್ಗೆ ಒಂದು ಅವಕಾಶ, ತಿಂಡಿ ಆದಮೇಲೆ ಇನ್ನೊಂದು. ನೀವು ಬೇರೆ ಏನನ್ನೂ ಬದಲಿಸದೆ ಇದೊಂದನ್ನು ಬದಲಿಸಿದರೂ ಅಮ್ಮನಿಗೆ ಜೋಗ ಕಾಣುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚುತ್ತದೆ. ಸರ್ಕಾರದ ಮಯೂರ ಹೋಟೆಲ್ ಜೋಗದಲ್ಲೇ ಇದೆ, ಸೀಸನ್ನಿನಲ್ಲಿ ರೂಮ್ ಮೊದಲೇ ಹಿಡಿಯಬೇಕು. ಅಲ್ಲಿ ಸಿಗದಿದ್ದರೆ ಸಾಗರ ಸುಮಾರು 30 ಕಿಲೋಮೀಟರ್, ತಾಳಗುಪ್ಪದ ಸುತ್ತ ಹೋಂಸ್ಟೇಗಳೂ ಇವೆ. ಏಳೆಂಟು ಗಂಟೆ ಕಾರಿನಲ್ಲಿ ಕೂತರೆ ಅಮ್ಮನ ಮಂಡಿ ಹಿಡಿದುಕೊಳ್ಳುತ್ತದೆ ಅಂತಾದರೆ, ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ಕೆಳಗಿನ ಬರ್ತ್ ಹಿಡಿದು ಮಲಗಿಸಿಬಿಡಿ. ತಾಳಗುಪ್ಪದಿಂದ ಜೋಗ ಆಟೋ ದೂರ.

ಇನ್ನು ಮೆಟ್ಟಿಲು. ಸುಮಾರು 1,400 ಇವೆ. ಇಳಿದು ಹತ್ತುವುದು ಅಂದರೆ 80 ಮಹಡಿಯ ಕಟ್ಟಡವನ್ನು ಲಿಫ್ಟ್ ಇಲ್ಲದೆ ಇಳಿದು ಹತ್ತಿದ ಹಾಗೆ. ಅಮ್ಮ ಬೇಡವೇ ಬೇಡ. "ಇಳಿಯೋದು ಸುಲಭ, ಹತ್ತೋದು ನಿಧಾನ ಮಾಡಿದರಾಯ್ತು" ಅಂತ ಕೆಲವರು ಹೇಳುತ್ತಾರೆ, ಮಂಡಿ ನೋವಿರುವವರಿಗೆ ಅದು ತಲೆಕೆಳಗಾದ ಮಾತು. ಇಳಿಯುವಾಗಲೇ ಮಂಡಿಗೆ ಪೆಟ್ಟು ಜಾಸ್ತಿ. ನೂರು ಮೆಟ್ಟಿಲು ಇಳಿದು "ಆಗಲ್ಲ" ಅಂದರೆ ಮತ್ತೆ ನೂರು ಹತ್ತಲೇಬೇಕು, ಮಧ್ಯದಲ್ಲಿ ಬೇರೆ ದಾರಿ ಇಲ್ಲ. ಅವರಿಗೆ ಮೇಲಿನ ವ್ಯೂ ಪಾಯಿಂಟೇ ಸರಿ, ನೋಡಿ, ಜೋಗದ ಪೂರ್ತಿ ರೂಪ ಕಾಣುವುದೂ ಅಲ್ಲಿಂದಲೇ. ಕೆಳಗೆ ಹೋದವರಿಗೆ ಕಾಣುವುದು ಕತ್ತು ನೋಯುವಷ್ಟು ಎತ್ತಿದರೆ ಒಂದು ತುಂಡು ನೀರು.

ಮಗನ ಕತೆ ಬೇರೆ. ಹತ್ತು ವರ್ಷದ ಹುಡುಗ ಇಳಿದು ಹತ್ತಬಲ್ಲ, ಅವನ ಹಿಂದೆ ಹೋಗುವ ದೊಡ್ಡವರು ಹತ್ತಬಲ್ಲರಾ ಅನ್ನುವುದೇ ಪ್ರಶ್ನೆ. ಮಳೆ ಜೋರಿದ್ದಾಗ, ನೀರು ಜಾಸ್ತಿ ಇದ್ದಾಗ ಮೆಟ್ಟಿಲ ಗೇಟ್ ಮುಚ್ಚುತ್ತಾರೆ, ಮುಚ್ಚಿದ್ದರೆ ಅಲ್ಲಿಗೆ ಮುಗಿಯಿತು, ಕಾವಲುಗಾರನ ಹತ್ತಿರ ಚೌಕಾಸಿ ಬೇಡ. ತೆರೆದಿದ್ದರೆ ಬೆಳಿಗ್ಗೆ ಬೇಗ ಇಳಿಯಿರಿ, ನೀರಿನ ಬಾಟಲಿ ಒಯ್ಯಿರಿ, ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಉಂಬಳ (ಜಿಗಣೆ) ಹತ್ತುತ್ತದೆ, ಅದಕ್ಕೆ ಕಿರುಚುವುದು ಬೇಡ, ಉಪ್ಪಿನ ಪೊಟ್ಟಣ ಒಂದು ಜೇಬಿನಲ್ಲಿರಲಿ. ಕೆಳಗೆ ತಲುಪಿದ ಮೇಲೆ ಮಡುವಿನ ನೀರಿಗೆ ಇಳಿಯಬಾರದು, ಬಂಡೆಯಿಂದ ಬಂಡೆಗೆ ಹಾರಬಾರದು. ನೀರು ಶಾಂತವಾಗಿ ಕಂಡರೂ ಬಂಡೆಯ ಮೇಲಿನ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ಜಾರಿದವರನ್ನು ಎತ್ತಿಕೊಂಡು ಬರಬೇಕಾದ್ದೂ ಅದೇ 1,400 ಮೆಟ್ಟಿಲ ಮೇಲೆಯೇ.

ಗೇಟ್ ತೆರೆದಾಗ ಹೋಗುವುದು ಅಪಾಯವಾ ಅಂತ ಕೇಳಿದ್ದೀರಿ. ಬೇಲಿಯ ಈಚೆ ನಿಂತರೆ ಅಪಾಯವಿಲ್ಲ, ಗುಂಡಿಯ ಆಚೆ ದಡ ಈಚೆ ದಡದ ಮಧ್ಯೆ ಬೇಕಾದಷ್ಟು ಅಂತರ ಇದೆ. ಅಪಾಯ ಇರುವುದು ಜಲಪಾತದ ನೆತ್ತಿಯಲ್ಲಿ. ಸಿದ್ದಾಪುರದ ಕಡೆಯ ದಡದಲ್ಲಿ ಬ್ರಿಟಿಷ್ ಬಂಗ್ಲೆ ಇದೆ, ಹಳಬರು ಬಾಂಬೆ ಬಂಗ್ಲೆ ಅನ್ನುತ್ತಾರೆ, ಆ ಕಡೆ ಹಿಂದೆ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಂದ ರಾಜನನ್ನು ಪಕ್ಕದಿಂದ, ಹತ್ತಿರದಿಂದ ನೋಡಬಹುದು, ಸೇತುವೆ ದಾಟಿ ಗಾಡಿಯಲ್ಲೇ ಹೋಗಬಹುದು, ಅಮ್ಮನಿಗೂ ಕಷ್ಟವಿಲ್ಲ. ಆದರೆ ಬೇಸಿಗೆಯಲ್ಲಿ ಹೊಳೆಯ ಬಂಡೆಗಳು ಒಣಗಿದ್ದಾಗ ಅಲ್ಲಿಂದ ನೆತ್ತಿಯ ಅಂಚಿಗೆ ನಡೆದು ಹೋಗಿ, ಬಗ್ಗಿ ಫೋಟೋ ತೆಗೆಸಿಕೊಳ್ಳುವವರು ಇದ್ದಾರೆ. ಬೇಡ. ಮೇಲಿನ ಗುಡ್ಡದಲ್ಲಿ ಒಂದು ಜಡಿಮಳೆ ಬಿದ್ದರೆ, ಅಥವಾ ಡ್ಯಾಮಿನಿಂದ ನೀರು ಬಿಟ್ಟರೆ, ಆರು ಕಿಲೋಮೀಟರ್ ಬರುವುದಕ್ಕೆ ಹೊಳೆಗೆ ಹೆಚ್ಚು ಹೊತ್ತು ಬೇಡ. ನಿಮ್ಮ ತಲೆ ಮೇಲೆ ಬಿಸಿಲಿದೆ ಅನ್ನುವುದು ಏನನ್ನೂ ಹೇಳುವುದಿಲ್ಲ.

ದಾರಿಯೂ ಅಷ್ಟೇ ಮುಖ್ಯ. ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಟ್ಟ ದಿನ ಹೊರಡಬೇಡಿ, ಒಂದು ದಿನ ತಡ ಮಾಡಿ. ಹೊನ್ನಾವರದ ಕಡೆ ಘಾಟಿ ರಸ್ತೆಯಲ್ಲಿ ಜೋರು ಮಳೆಗೆ ಮಣ್ಣು ಕುಸಿಯುವುದಿದೆ. ಜೋಗ ನೋಡಿ ಹಾಗೇ ಮುರುಡೇಶ್ವರಕ್ಕೆ ಇಳಿದುಬಿಡೋಣ ಅನ್ನುವ ಪ್ಲಾನ್ ಇದ್ದರೆ ಬೆಳಕಿರುವಾಗಲೇ ಘಾಟಿ ಇಳಿಯಿರಿ. ಇನ್ನೊಂದು, ಜೋಗದಲ್ಲಿ ಕೆಲವು ವರ್ಷಗಳಿಂದ ಅಭಿವೃದ್ಧಿ ಕಾಮಗಾರಿ ನಡೆಯುತ್ತಿದೆ. 2025ರ ಮೊದಲ ತಿಂಗಳುಗಳಲ್ಲಿ ಅದಕ್ಕಾಗಿ ಮುಖ್ಯ ಪ್ರವೇಶವನ್ನೇ ಮುಚ್ಚಿದ್ದರು. ಹೊರಡುವ ಮೊದಲು ಹೋಟೆಲಿಗೆ ಒಂದು ಫೋನ್ ಮಾಡಿ, ವ್ಯೂ ಪಾಯಿಂಟ್ ತೆರೆದಿದೆಯಾ, ಮೆಟ್ಟಿಲು ಬಿಡುತ್ತಿದ್ದಾರಾ, ಈಗ ನೀರು ಹೇಗಿದೆ ಅಂತ ಮೂರೂ ಕೇಳಿಬಿಡಿ. ಎರಡು ನಿಮಿಷದ ಕೆಲಸ.

ಸರಿ, ಈಗ ನಿಮಗೆ ಬೇಕಾದದ್ದು. ಪುಷ್ಯ, ಆಶ್ಲೇಷ ಮಳೆಯಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಹೋದರೆ ನೀರು ಗ್ಯಾರಂಟಿ ಅನ್ನಬಹುದು, ನೋಟ ಗ್ಯಾರಂಟಿ ಅಲ್ಲ, ನೀವೇ ಅನುಭವಿಸಿದ್ದೀರಿ. ಮೆಟ್ಟಿಲಂತೂ ಸಿಗುವುದಿಲ್ಲ. ಗೇಟ್ ತೆರೆದ ಸುದ್ದಿ ಕೇಳಿ ಹೊರಡುವುದು ದೊಡ್ಡ ಜೋಗದ ಆಸೆ ಇರುವವರಿಗೆ ಸರಿ, ಆದರೆ ಆ ವಾರಾಂತ್ಯ ಸಾಗರದಿಂದ ಜೋಗದವರೆಗೆ ಕಾರುಗಳ ಸಾಲು, ರೂಮ್ ಸಿಗುವುದಿಲ್ಲ, ಅಮ್ಮನನ್ನು ಗುಂಪಿನಲ್ಲಿ ನಿಲ್ಲಿಸಬೇಕು. ಹೋಗುವುದಾದರೆ ಮಂಗಳವಾರ ಬುಧವಾರ ಹೋಗಿ, ಗೇಟಿಗೆ ವಾರದ ದಿನ ಭಾನುವಾರ ಅನ್ನುವ ಭೇದ ಇಲ್ಲ. ಡಿಸೆಂಬರಿನಿಂದ ಮೇ ವರೆಗೆ ಬಂಡೆ, ಕಣಿವೆ, ಮೆಟ್ಟಿಲು ಎಲ್ಲ ಚೆನ್ನಾಗಿ ಸಿಗುತ್ತವೆ, ನೀರಿನ ಆಸೆ ಇಟ್ಟುಕೊಳ್ಳಬಾರದು.

ನಿಮ್ಮ ಮನೆಯ ಲೆಕ್ಕಕ್ಕೆ ನಾನು ಹೇಳುವುದು ಹುಬ್ಬೆ ಮಳೆ ಕಳೆದ ಮೇಲೆ, ಉತ್ತರೆ ಮಳೆಯ ಹೊತ್ತಿಗೆ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ. ಮೋಡ ತೆಳುವಾಗಿರುತ್ತದೆ, ಬಿಸಿಲು ಆಗಾಗ ಬರುತ್ತದೆ, ಕಾಡು ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರು ಇನ್ನೂ ಇರುತ್ತದೆ. ಡ್ಯಾಮ್ ಆ ವರ್ಷ ತುಂಬಿದ್ದರೆ ಒಂದು ಮಳೆ ಬಿದ್ದರೂ ಗೇಟ್ ಎತ್ತಬೇಕಾಗುತ್ತದೆ, ಅದೃಷ್ಟ ಇದ್ದರೆ ಬಿಸಿಲು, ನೀರು ಎರಡೂ ಒಟ್ಟಿಗೆ ಸಿಗುತ್ತವೆ. ಅದಕ್ಕೇ ಆಗಸ್ಟ್ ಕೊನೆಯಲ್ಲಿ ಒಮ್ಮೆ ಮಟ್ಟ ನೋಡಿ. 1,815 ಮೇಲೆ ಇದ್ದರೆ ರೂಮ್ ಬುಕ್ ಮಾಡಿ. 1,800ರ ಕೆಳಗೇ ನಿಂತಿದ್ದರೆ ಈ ವರ್ಷ ಸೆಪ್ಟೆಂಬರಿನಲ್ಲಿ ಜೋಗ ಸಪ್ಪೆ, ಅದನ್ನು ಮೊದಲೇ ಅಮ್ಮನಿಗೆ ಹೇಳಿಬಿಡಿ. ದಸರಾ ರಜೆ ಶುರುವಾದ ಮೇಲೆ ಹೋದರೆ ಮತ್ತೆ ಜನಜಂಗುಳಿ, ಮಗನಿಗೆ ಎರಡು ದಿನ ಶಾಲೆ ತಪ್ಪಿದರೆ ಏನೂ ಆಗುವುದಿಲ್ಲ.

ಡ್ಯಾಮ್ ತುಂಬದ ವರ್ಷಕ್ಕೂ ಒಂದು ದಾರಿ ಇದೆ. ಸಿದ್ದಾಪುರ ತಾಲೂಕಿನಲ್ಲಿ ಉಂಚಳ್ಳಿ ಜಲಪಾತ, 116 ಮೀಟರ್, ಅಘನಾಶಿನಿ ಹೊಳೆಯದು. ಆ ಹೊಳೆಗೆ ಕಟ್ಟೆ ಇಲ್ಲ. ಮಳೆ ಬಿದ್ದಷ್ಟು ನೀರು, ಯಾರ ಗೇಟನ್ನೂ ಕಾಯಬೇಕಾಗಿಲ್ಲ, ಅಕ್ಟೋಬರ್ ನವೆಂಬರಿನಲ್ಲೂ ಚೆನ್ನಾಗಿರುತ್ತದೆ. ಅಲ್ಲೂ ನಡೆಯುವುದು, ಮೆಟ್ಟಿಲು ಸ್ವಲ್ಪ ಇದೆ, ಅಮ್ಮ ಮೇಲಿನ ನೋಟದ ಜಾಗದವರೆಗೆ ನಿಧಾನ ಬರಬಹುದಾ ಅಂತ ಅವರನ್ನೇ ಕೇಳಿ. ಬರಲು ಆಗುವುದಿಲ್ಲ ಅಂದರೆ ಸಾಗರದ ಹತ್ತಿರ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಇದೆ, ಹೊಸ ಸೇತುವೆ 2025ರ ಜುಲೈನಲ್ಲಿ ಆದಮೇಲೆ ಸಿಗಂದೂರಿಗೆ ಲಾಂಚ್ ಕಾಯದೆ ಕಾರಿನಲ್ಲೇ ಹೋಗಬಹುದು. ದಾರಿಯಲ್ಲಿ ಶರಾವತಿ ಹಿನ್ನೀರು ಎರಡೂ ಕಡೆ ಕಾಣುತ್ತದೆ. ಜೋಗದಲ್ಲಿ ಯಾಕೆ ನೀರಿಲ್ಲ ಅಂತ ಮಗ ಕೇಳಿದರೆ ಆ ಸೇತುವೆ ಮೇಲೆ ತೋರಿಸಿ, ಎಲ್ಲ ಅಲ್ಲೇ ಇದೆ.